ಎತ್ತಿದ ಜೀಪಿನ ಚಕ್ರ ನೇರ ಮಾಡುವವರು ಯಾರು?

ಸಸ್ಪೆನ್ಷನ್ ಬದಲಾಯಿಸಿ ಜೀಪು ಎತ್ತಿಸಿದವರ ದೂರು ಹೆಚ್ಚುಕಡಿಮೆ ಒಂದೇ ಇರುತ್ತದೆ. ಹೊಲ, ಹಳ್ಳ, ಕಲ್ಲುದಾರಿಯಲ್ಲಿ ಗಾಡಿ ಸೊಗಸಾಗಿ ಹೋಗುತ್ತದೆ. ಡಾಂಬರು ರಸ್ತೆಗೆ ಬಂದು ವೇಗ ಅರವತ್ತು ದಾಟಿದರೆ ಸ್ಟೀರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೆಟ್ಟಗಾಗುವುದಿಲ್ಲ, ಕೈಯಿಂದ ಎಳೆದು ತರಬೇಕು. ಸಣ್ಣ ಗುಂಡಿಗೆ ಬಿದ್ದರೂ ಮುಂದಿನ ಎರಡೂ ಚಕ್ರ ಗಡಗಡ ನಡುಗುತ್ತವೆ. ದುಬಾರಿ ಟೈರಿನ ಒಂದು ಅಂಚು ಕೆಲವೇ ತಿಂಗಳಲ್ಲಿ ನುಣ್ಣಗಾಗುತ್ತದೆ. ಇದಕ್ಕೆ ಸಿಗುವ ಸಲಹೆಯೂ ಒಂದೇ: ಅಲೈನ್‌ಮೆಂಟ್ ಮಾಡಿಸಿ. ಹೆದ್ದಾರಿ ಬದಿಯ ಕಂಪ್ಯೂಟರ್ ಅಂಗಡಿಗೆ ಹೋಗುತ್ತಾರೆ, ಪರದೆಯ ಮೇಲಿನ ಕೆಂಪು ಅಂಕಿ ಹಸಿರಾಗುತ್ತದೆ, ದುಡ್ಡು ಕೊಟ್ಟು ಹೊರಬರುತ್ತಾರೆ. ಮುಂದಿನ ಗುಂಡಿಯಲ್ಲಿ ಅದೇ ನಡುಕ.

ಇದಕ್ಕೆ ಅಂಗಡಿಯವನನ್ನು ದೂರಿ ಪ್ರಯೋಜನವಿಲ್ಲ. ಎಡಚಕ್ರದಿಂದ ಬಲಚಕ್ರದವರೆಗೆ ಒಂದೇ ತುಂಡಿನ ಆಕ್ಸಲ್ ಇರುವ ಗಾಡಿಯಲ್ಲಿ ಅಲೈನ್‌ಮೆಂಟ್ ಯಂತ್ರದ ಎದುರು ನಿಂತು ಬದಲಾಯಿಸಬಹುದಾದ ಅಳತೆ ಒಂದೇ ಒಂದು. ಉಳಿದದ್ದೆಲ್ಲ ಗಾಡಿ ಎತ್ತಿದ ದಿನವೇ, ಕಮಾನು ಪಟ್ಟಿ ಕಟ್ಟುವವನ ಮತ್ತು ವೆಲ್ಡಿಂಗ್ ಮಾಡುವವನ ಕೈಯಲ್ಲಿ ಸರಿಯಾಗಿಯೋ ತಪ್ಪಾಗಿಯೋ ತೀರ್ಮಾನವಾಗಿಬಿಟ್ಟಿರುತ್ತದೆ. ಎತ್ತುವ ಕೆಲಸ ಮತ್ತು ಚಕ್ರ ನೇರ ಮಾಡುವ ಕೆಲಸ ಎರಡಲ್ಲ, ಒಂದೇ. ಅದನ್ನು ಎರಡು ಅಂಗಡಿಗೆ ಹಂಚಿದ್ದರಿಂದಲೇ ಈ ತೊಂದರೆ ಹುಟ್ಟಿದೆ ಎಂಬುದು ನನ್ನ ವಾದ.

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಸುತ್ತ ಈ ಪ್ರಶ್ನೆಯನ್ನು ಇಟ್ಟು ನೋಡುವುದಕ್ಕೆ ಕಾರಣವಿದೆ. 1956ರ ನವೆಂಬರ್ 1ರವರೆಗೆ ಮೊದಲಿನ ಎರಡು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಈಗ ಅವು ತೆಲಂಗಾಣದ ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲೆಗಳಿಗೆ ಸೇರಿವೆ. ಕನ್ನಡ, ತೆಲುಗು, ದಖನಿ ಉರ್ದು ಮೂರರಲ್ಲೂ ಗ್ಯಾರೇಜಿನ ಮಾತು ನಡೆಯುವ ಸೀಮೆ ಇದು. ಒಂದು ಕಡೆ ಮಳೆಗಾಲದಲ್ಲಿ ಟೈರಿಗೆ ಅಂಟಿದರೆ ಬಿಡದ ಎರೆ ಮಣ್ಣು, ಬೀದರ್ ಕಡೆಯ ಎತ್ತರದಲ್ಲಿ ಕೆಂಪು ಮುರಂ, ತಾಂಡೂರಿನ ಹತ್ತಿರ ಫರಸಿ ಕಲ್ಲಿನ ಗಣಿಗಳು. ಅವುಗಳ ನಡುವೆಯೇ ಪುಣೆಯಿಂದ ಹೈದರಾಬಾದಿಗೆ ಹೋಗುವ 65ನೇ ಹೆದ್ದಾರಿ ಜಹೀರಾಬಾದನ್ನು ಹಾದುಹೋಗುತ್ತದೆ. ಅಂದರೆ ಅದೇ ಗಾಡಿ ಬೆಳಿಗ್ಗೆ ತೊಗರಿ ಹೊಲದ ಕೂಳೆಯ ಮೇಲೆ, ಮಧ್ಯಾಹ್ನ ಎಂಬತ್ತರ ವೇಗದಲ್ಲಿ ಲಾರಿಗಳ ಪಕ್ಕದಲ್ಲಿ. ಎತ್ತರಿಸಿದ ಜೀಪಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಬೇಕಿಲ್ಲ.

ಒಂದೇ ತುಂಡಿನ ಆಕ್ಸಲ್ ಈ ಊರುಗಳಿಗೆ ಹೊಸತೂ ಅಲ್ಲ. ಜಹೀರಾಬಾದಿನಲ್ಲಿ 1980ರ ದಶಕದಲ್ಲಿ ಹೈದರಾಬಾದ್ ಆಲ್ವಿನ್ ಸಂಸ್ಥೆ ನಿಸ್ಸಾನ್ ಜೊತೆ ಸೇರಿ ಲಘು ಲಾರಿ ಮಾಡುತ್ತಿತ್ತು. ಆ ಕಾರ್ಖಾನೆ ಆಮೇಲೆ ಮಹೀಂದ್ರದ ಕೈಸೇರಿತು. 2013ರಿಂದ ಜಹೀರಾಬಾದಿನಲ್ಲಿ ಮಹೀಂದ್ರದ ಟ್ರ್ಯಾಕ್ಟರುಗಳೂ ತಯಾರಾಗುತ್ತಿವೆ. ತಾಂಡೂರಿನಿಂದ ಕಲ್ಲು ಮತ್ತು ಸಿಮೆಂಟ್ ಹೊತ್ತು ಹೊರಡುವ ಲಾರಿಗಳ ಮುಂದಿನ ಆಕ್ಸಲ್ ಕೂಡ ಒಂದೇ ತೊಲೆ. ಟ್ರ್ಯಾಕ್ಟರ್ ಮತ್ತು ಲಾರಿ ಮೆಕ್ಯಾನಿಕರಿಗೆ ಟೋ ಇನ್ ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಲಾರಿಯ ಆಕ್ಸಲಿಗೂ ಕಮಾನು ಪಟ್ಟಿಗೂ ನಡುವೆ ಬೆಣೆ ಇಟ್ಟು ಅದರ ವಾಲು ತಿದ್ದುವುದು ಹಳೆಯ ವಿದ್ಯೆ. ಜೀಪು ಎತ್ತಿಸಿದ ಯುವಕರು ಕಾರಿನ ಅಲೈನ್‌ಮೆಂಟ್ ಅಂಗಡಿಗೆ ಹೋಗುವ ಮೊದಲು ಒಮ್ಮೆ ಲಾರಿ ವರ್ಕ್‌ಶಾಪಿಗೆ ಹೋಗಿ ಕೇಳಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಯಾವ ಗಾಡಿಗಳ ಮಾತು ಇದು ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಹಳೆಯ ಮಹೀಂದ್ರ ಫೋರ್ ವ್ಹೀಲ್ ಜೀಪುಗಳು, 1985ರ ಕೊನೆಯಲ್ಲಿ ಬಂದು 2019ರಲ್ಲಿ ನಿಂತ ಮಾರುತಿ ಜಿಪ್ಸಿ, 2023ರ ಜಿಮ್ನಿ ಇವುಗಳಿಗೆ ಮುಂದೆಯೂ ಹಿಂದೆಯೂ ಒಂದೇ ತುಂಡಿನ ಆಕ್ಸಲ್. ಜೀಪು ಮತ್ತು ಜಿಪ್ಸಿಗೆ ಕಮಾನು ಪಟ್ಟಿ, ಜಿಮ್ನಿಗೆ ಕಾಯಿಲ್ ಸ್ಪ್ರಿಂಗ್. 2010ರಲ್ಲಿ ಬಂದ ಥಾರ್ ನೋಡಲು ಹಳೆಯ ಜೀಪಿನ ಹಾಗಿದ್ದರೂ ಅದರ ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ತೂಗುವಂಥವು. ಅದನ್ನು ಎತ್ತಿದರೆ ಮುಂದೆ ಹೇಳುವ ಮೂರೂ ಕೋನ ಕೆಡುತ್ತವೆ, ಅಲ್ಲಿ ಯಂತ್ರಕ್ಕೆ ನಿಜವಾದ ಕೆಲಸವಿದೆ. ಥಾರ್ ಮಾಲೀಕರ ಅನುಭವವನ್ನು ಜಿಪ್ಸಿಗೆ, ಜಿಪ್ಸಿಯವರದನ್ನು ಥಾರ್‌ಗೆ ಹಚ್ಚುವುದರಿಂದ ಅರ್ಧ ಗೊಂದಲ ಹುಟ್ಟುತ್ತದೆ.

ಅಳತೆಗಳು ಮೂರು. ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಈ ವಾಲು ಆಕ್ಸಲ್ ಹೌಸಿಂಗಿನಲ್ಲೇ ಕೂತಿರುತ್ತದೆ. ಗಾಡಿಯ ಮೈಯನ್ನು ಎಷ್ಟು ಎತ್ತಿದರೂ ಆಕ್ಸಲ್ ನೆಲಕ್ಕೆ ಸಮಾನಾಂತರವಾಗಿಯೇ ಇರುವುದರಿಂದ ಕ್ಯಾಂಬರ್ ಬದಲಾಗದು. ಬದಲಾಗಿದ್ದರೆ ಹೌಸಿಂಗ್ ಬಾಗಿದೆ, ಇಲ್ಲವೇ ಕಿಂಗ್ ಪಿನ್ ಬೇರಿಂಗ್ ಅಥವಾ ಹಬ್ ಬೇರಿಂಗ್ ಸವೆದಿದೆ. ಇಷ್ಟು ತಿಳಿದರೆ ಕ್ಯಾಂಬರ್ ವಿಷಯ ಮುಗಿಯಿತು.

ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂದಿನ ಅಂತರ ಹಿಂದಿನ ಅಂತರಕ್ಕಿಂತ ಎಷ್ಟು ಕಡಿಮೆ ಎಂಬುದು ಟೋ ಇನ್. ಟೈ ರಾಡ್ ತಿರುಗಿಸಿದರೆ ಇದು ಬದಲಾಗುತ್ತದೆ. ಅಂಗಡಿಯವನ ಕೈಯಲ್ಲಿರುವ ಆ ಒಂದೇ ಒಂದು ಅಳತೆ ಇದೇ. ಟೈರಿನ ಆಯುಷ್ಯ ಇದರ ಮೇಲೆ ನಿಂತಿದೆ. ಸುಮಾರು 70 ಸೆಂ.ಮೀ. ವ್ಯಾಸದ ಟೈರಿಗೆ 3 ಮಿ.ಮೀ. ಟೋ ಇನ್ ಇದ್ದರೆ ಪ್ರತಿ ಚಕ್ರವೂ ಕಿಲೋಮೀಟರಿಗೆ ಎರಡು ಮೀಟರಿನಷ್ಟು ಅಡ್ಡಕ್ಕೆ ಉಜ್ಜಲ್ಪಡುತ್ತದೆ. ಅಷ್ಟನ್ನು ರಬ್ಬರು ತಡೆದುಕೊಳ್ಳುತ್ತದೆ. ಅದೇ 12 ಮಿ.ಮೀ. ಆದರೆ ಕಿಲೋಮೀಟರಿಗೆ ಎಂಟೂವರೆ ಮೀಟರ್. ಜಹೀರಾಬಾದಿನಿಂದ ಹೈದರಾಬಾದಿಗೆ ಸುಮಾರು 100 ಕಿ.ಮೀ. ದಾರಿಯಲ್ಲಿ ಟೈರು 850 ಮೀಟರಿನಷ್ಟು ಅಡ್ಡ ಎಳೆಸಿಕೊಂಡಂತೆ. ಅಂಚು ಏಕೆ ಸವೆಯಿತು ಎಂದು ಮತ್ತೆ ಕೇಳಬೇಕಾಗಿಲ್ಲ. ಗಾಡಿ ಎತ್ತಿದಾಗ ಟೋ ಸಾಮಾನ್ಯವಾಗಿ ಬಹಳ ಕೆಡುವುದಿಲ್ಲ, ಏಕೆಂದರೆ ಟೈ ರಾಡ್ ಆಕ್ಸಲ್ ಜೊತೆಗೇ ಇರುತ್ತದೆ. ಕೆಡುವುದು ಟೈ ರಾಡನ್ನು ಮೇಲಕ್ಕೆ ಸರಿಸಿ ಕೂರಿಸಿದಾಗ, ಅಥವಾ ಕಲ್ಲಿಗೆ ಬಡಿದು ರಾಡ್ ಬಾಗಿದಾಗ.

ಮೂರನೆಯದು ಕ್ಯಾಸ್ಟರ್. ನಡುಕಕ್ಕೂ ನೆಟ್ಟಗೆ ಮರಳದ ಸ್ಟೀರಿಂಗಿಗೂ ಬೇರು ಬಹಳ ಸಲ ಇರುವುದು ಇಲ್ಲಿ. ಚಕ್ರ ತಿರುಗುವ ಕಿಂಗ್ ಪಿನ್ನಿನ ರೇಖೆಯ ಮೇಲ್ತುದಿ ಹಿಂದಕ್ಕೆ ವಾಲಿರಬೇಕು. ಸೈಕಲ್ಲಿನ ಮುಂದಿನ ಫೋರ್ಕ್ ವಾಲಿರುವುದರಿಂದ ಹ್ಯಾಂಡಲ್ ತಾನಾಗಿ ನೆಟ್ಟಗಾಗುವ ಹಾಗೆ, ಈ ವಾಲಿನಿಂದ ಚಕ್ರ ನೆಲವನ್ನು ಮುಟ್ಟುವ ಜಾಗ ತಿರುಗುವ ರೇಖೆಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಗಾಡಿ ಮುಂದೆ ಹೋದಂತೆ ಆ ಅಂತರವೇ ಚಕ್ರವನ್ನು ನೇರಕ್ಕೆ ಎಳೆಯುತ್ತದೆ. 35 ಸೆಂ.ಮೀ. ತ್ರಿಜ್ಯದ ಚಕ್ರಕ್ಕೆ 3 ಡಿಗ್ರಿ ಕ್ಯಾಸ್ಟರ್ ಇದ್ದರೆ ಅಂತರ ಸುಮಾರು 1.8 ಸೆಂ.ಮೀ.; ಹಳೆಯ ಜೀಪುಗಳಿಗೆ ಕಾರ್ಖಾನೆ ಇಟ್ಟದ್ದು ಈ 3 ಡಿಗ್ರಿಯ ಆಸುಪಾಸೇ. ಅದು 1 ಡಿಗ್ರಿಗೆ ಇಳಿದರೆ ಅಂತರ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕಳೆದುಕೊಳ್ಳಲು ಮೊದಲೇ ಹೆಚ್ಚೇನೂ ಇಲ್ಲ.

ಎತ್ತುವ ದಾರಿ ಯಾವುದು ಎಂಬುದರ ಮೇಲೆ ಈ ಮೂರು ಡಿಗ್ರಿ ಉಳಿಯುತ್ತದೋ ಹೋಗುತ್ತದೋ ನಿಂತಿದೆ. ಕಮಾನು ಪಟ್ಟಿಗೆ ಹೆಚ್ಚಿನ ಬಾಗು ಕೊಟ್ಟು ಎತ್ತಿದರೆ, ಬಾಗು ಎರಡೂ ಕಡೆ ಸಮವಾಗಿದ್ದರೆ, ಕ್ಯಾಸ್ಟರ್ ಬಹುಮಟ್ಟಿಗೆ ಹಾಗೇ ಇರುತ್ತದೆ. ಅಗ್ಗದ ದಾರಿ ಉದ್ದನೆಯ ಶ್ಯಾಕಲ್, ಅಂದರೆ ಪಟ್ಟಿಯ ಒಂದು ತುದಿಯನ್ನು ಚಾಸಿಸ್‌ಗೆ ತೂಗುಹಾಕುವ ಕೊಂಡಿ. ಹಳೆಯ ಜೀಪಿನಲ್ಲಿ ಶ್ಯಾಕಲ್ ಇರುವುದು ಮುಂದಿನ ಪಟ್ಟಿಯ ಮುಂತುದಿಯಲ್ಲಿ. ಅದನ್ನು 5 ಸೆಂ.ಮೀ. ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು ಅದರರ್ಧ, ಎರಡೂವರೆ ಸೆಂಟಿಮೀಟರ್. ಆದರೆ ಒಂದು ಮೀಟರ್ ಉದ್ದದ ಪಟ್ಟಿ ಮುಂದಕ್ಕೆ ಸುಮಾರು 2.9 ಡಿಗ್ರಿ ಬಾಗುತ್ತದೆ, ಅದರ ಜೊತೆ ಆಕ್ಸಲ್ಲೂ ತಿರುಗುತ್ತದೆ. ಒಂದಂಗುಲದ ಎತ್ತರಕ್ಕೆ ಇದ್ದ ಕ್ಯಾಸ್ಟರೆಲ್ಲ ಖರ್ಚಾಯಿತು. ನನ್ನ ಕಣ್ಣಿಗೆ ಇದು ಎತ್ತುವ ಕ್ರಮಗಳಲ್ಲೆಲ್ಲ ಕೆಟ್ಟದ್ದು, ಇದನ್ನು ಯಾರಿಗೂ ಹೇಳಿಕೊಡಬಾರದು. ಶ್ಯಾಕಲ್ ಪಟ್ಟಿಯ ಹಿಂತುದಿಯಲ್ಲಿದ್ದರೆ ಪರಿಣಾಮ ತಿರುವುಮುರುವು: ಕ್ಯಾಸ್ಟರ್ ಹೆಚ್ಚುತ್ತದೆ. ಒಂದೇ ಸಲಹೆ ಎರಡು ಗಾಡಿಗಳಲ್ಲಿ ಎರಡು ಫಲ ಕೊಡುವುದು ಹೀಗೆ.

ಜಿಪ್ಸಿಯವರ ನೆಚ್ಚಿನ ದಾರಿ, ಆಕ್ಸಲಿನ ಕೆಳಗಿದ್ದ ಪಟ್ಟಿಯನ್ನು ಆಕ್ಸಲಿನ ಮೇಲೆ ಕೂರಿಸುವುದು. ಒಮ್ಮೆಗೇ ಒಳ್ಳೆಯ ಎತ್ತರ ಸಿಗುತ್ತದೆ. ಇದಕ್ಕೆ ಹೌಸಿಂಗಿನ ಮೇಲೆ ಪಟ್ಟಿ ಕೂರುವ ಹೊಸ ಪೀಠಗಳನ್ನು ವೆಲ್ಡ್ ಮಾಡಬೇಕು. ಕ್ಯಾಸ್ಟರ್ ಎಷ್ಟು ಎಂಬುದು ಆ ಪೀಠಗಳನ್ನು ಯಾವ ಕೋನದಲ್ಲಿ ಇಟ್ಟರು ಎಂಬುದರ ಮೇಲೆ ಹೋಗುತ್ತದೆ, ಮತ್ತು ಆ ನಿರ್ಧಾರ ವೆಲ್ಡಿಂಗ್ ಮಾಡುವವನು ಕಡ್ಡಿ ತಾಗಿಸುವ ಆ ಐದು ನಿಮಿಷದಲ್ಲಿ ಆಗುತ್ತದೆ. ಕೋನಮಾಪಕ ಇಡದೆ ಕಣ್ಣಂದಾಜಿನಲ್ಲಿ ಅಂಟಿಸಿದ ಪೀಠವನ್ನು ಆಮೇಲೆ ಯಾವ ಕಂಪ್ಯೂಟರೂ ತಿದ್ದಲಾರದು.

ಜಿಮ್ನಿಯಂಥ ಕಾಯಿಲ್ ಸ್ಪ್ರಿಂಗ್ ಗಾಡಿಯಲ್ಲಿ ಆಕ್ಸಲನ್ನು ಹಿಡಿದಿರುವುದು ಹಿಂದಿನಿಂದ ಚಾಚಿದ ಎರಡು ತೋಳುಗಳು. ಗಾಡಿ ಮೇಲೆದ್ದಾಗ ತೋಳಿನ ಮುಂತುದಿ ಕೆಳಗಿಳಿಯುತ್ತದೆ, ಆಕ್ಸಲಿನ ತಲೆ ಮುಂದಕ್ಕೆ ತಿರುಗುತ್ತದೆ. ತೋಳು 60 ಸೆಂ.ಮೀ. ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ 5 ಸೆಂ.ಮೀ. ಎತ್ತರಕ್ಕೆ ಸುಮಾರು 4.8 ಡಿಗ್ರಿ ಹೋಗುತ್ತದೆ. ಇದನ್ನು ತುಂಬಲು ರಂಧ್ರ ಸರಿಸಿದ ಬುಷ್‌ಗಳು, ಬಾಗಿದ ತೋಳುಗಳು ಮಾರುಕಟ್ಟೆಯಲ್ಲಿವೆ. ಸ್ಪ್ರಿಂಗ್ ಮಾತ್ರ ಕೊಂಡು ಇವನ್ನು ಬಿಡುವುದು ಉಳಿತಾಯವಲ್ಲ.

ಕ್ಯಾಸ್ಟರನ್ನು ಮತ್ತೆ ತರಲು ಪಟ್ಟಿಗೂ ಆಕ್ಸಲಿಗೂ ನಡುವೆ ಬೆಣೆ ಇಡಬಹುದು ಎಂದೆ. ಇಲ್ಲೇ ಒಂದು ಇಕ್ಕಟ್ಟಿದೆ. ಮುಂದಿನ ಆಕ್ಸಲನ್ನು ಹಿಂದಕ್ಕೆ ವಾಲಿಸಿದರೆ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಅದರ ಪಿನಿಯನ್ ಮೂತಿ ಕೆಳಗೆ ಬಾಗುತ್ತದೆ. ಗಾಡಿ ಎತ್ತಿದ ಮೇಲೆ ಆ ಶಾಫ್ಟಿಗೆ ಬಲ ಕೊಡುವ ಟ್ರಾನ್ಸ್‌ಫರ್ ಕೇಸ್ ಮೇಲೆ ಹೋಗಿರುವುದರಿಂದ ಪಿನಿಯನ್ ಮೇಲೆ ನೋಡಬೇಕಿತ್ತು. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು ಕಡಿದಾದ ಕೋನದಲ್ಲಿ ತಿರುಗಿ ಸದ್ದು ಮಾಡುತ್ತದೆ, ಬೇಗ ಸಾಯುತ್ತದೆ. ಎರಡನ್ನೂ ಉಳಿಸುವ ಪೂರ್ತಿ ಪರಿಹಾರವೆಂದರೆ ಹೌಸಿಂಗಿನ ತುದಿಯ ಗೋಲವನ್ನು ಬಿಡಿಸಿ, ತಿರುಗಿಸಿ, ಮತ್ತೆ ವೆಲ್ಡ್ ಮಾಡುವುದು. ಅದು ಒಳ್ಳೆಯ ಜಿಗ್ ಇರುವ ಕಾರ್ಯಾಗಾರದ ಕೆಲಸ. ಎಡಬಲದಲ್ಲಿ ಒಂದು ಡಿಗ್ರಿ ವ್ಯತ್ಯಾಸವಾದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹಳೆಯ ಜೀಪು ಮತ್ತು ಜಿಪ್ಸಿಯ ಮಟ್ಟಿಗೆ ನನ್ನ ಆಯ್ಕೆ ಸ್ಪಷ್ಟವಾಗಿದೆ: ಕ್ಯಾಸ್ಟರನ್ನೇ ಹಿಡಿಯಿರಿ. ಈ ಗಾಡಿಗಳಲ್ಲಿ ಮುಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವುದು ಫೋರ್ ವ್ಹೀಲ್ ಹಾಕಿದಾಗ ಮಾತ್ರ, ಅದೂ ಕೆಸರಿನ ನಿಧಾನ ವೇಗದಲ್ಲಿ. ಹಬ್ ಲಾಕ್ ಬಿಡಿಸಿದರೆ ಹೆದ್ದಾರಿಯಲ್ಲಿ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ. ಜಾಯಿಂಟ್ ಸವೆದರೆ ಹೊಸದು ಸಿಗುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ 4 ಡಿಗ್ರಿ ಸುತ್ತಮುತ್ತ ಸಾಕು, ಇದ್ದರೆ 5 ಅಥವಾ 6ರವರೆಗೂ ಹೋಗಬಹುದು. ಅದಕ್ಕೂ ಹೆಚ್ಚಾದರೆ ಎರೆ ಕೆಸರಿನಲ್ಲಿ ಸ್ಟೀರಿಂಗ್ ತಿರುಗಿಸುವವರ ಭುಜ ನೋಯುತ್ತದೆ.

ನಡುಕದ ಬಗ್ಗೆ ಜನ ನಂಬಿರುವುದರಲ್ಲಿ ಹೆಚ್ಚು ಹಾನಿ ಮಾಡುವುದು, ಅಲುಗಾಟ ತಗ್ಗಿಸುವ ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ವಾಸಿಯಾಗುತ್ತದೆ ಎಂಬ ಮಾತು. ಈ ರೋಗ ಜೀಪು ಎತ್ತುವ ಹವ್ಯಾಸಕ್ಕಿಂತ ಬಹಳ ಹಳೆಯದು. 1920ರ ದಶಕದಲ್ಲಿ ಕಾರುಗಳಿಗೆ ದಪ್ಪನೆಯ ಕಡಿಮೆ ಗಾಳಿಯ ಟೈರು ಮತ್ತು ಮುಂದಿನ ಚಕ್ರಕ್ಕೆ ಬ್ರೇಕು ಬಂದಾಗ, ಒಂದೇ ತುಂಡಿನ ಮುಂದಿನ ಆಕ್ಸಲಿನ ಕಾರುಗಳು ಇದೇ ರೀತಿ ನಡುಗಲು ಶುರುಮಾಡಿದವು. ತಿರುಗುವ ಭಾರವಾದ ಚಕ್ರ ಬುಗುರಿಯಂತೆ ವರ್ತಿಸುವುದೇ ಕಾರಣ. ಒಂದು ಚಕ್ರ ಗುಂಡಿಗೆ ಬಿದ್ದು ಇಡೀ ಆಕ್ಸಲ್ ವಾಲಿದಾಗ ಆ ವಾಲುವಿಕೆಯೇ ಎರಡೂ ಚಕ್ರಗಳನ್ನು ಪಕ್ಕಕ್ಕೆ ತಿರುಗಿಸುತ್ತದೆ, ಪಕ್ಕಕ್ಕೆ ತಿರುಗಿದ್ದು ಮತ್ತೆ ಆಕ್ಸಲನ್ನು ವಾಲಿಸುತ್ತದೆ. ಜನರಲ್ ಮೋಟಾರ್ಸ್‌ನಲ್ಲಿ ಮಾರಿಸ್ ಓಲಿ ಇದರ ಹಿಂದೆ ಬಿದ್ದ ಎಂಜಿನಿಯರುಗಳಲ್ಲೊಬ್ಬ. 1934ರ ಮಾದರಿಗಳಲ್ಲಿ ಆ ಕಂಪನಿ ಮುಂದಿನ ಚಕ್ರಗಳನ್ನು ಬೇರೆ ಬೇರೆಯಾಗಿ ತೂಗುಬಿಟ್ಟದ್ದಕ್ಕೆ ಈ ನಡುಕವೂ ಒಂದು ಕಾರಣ. ಇಂದು ಜಿಪ್ಸಿಗೆ ಭಾರವಾದ ಮಡ್ ಟೈರು ಹಾಕಿ, ಗಾಳಿ ಇಳಿಸಿ ಓಡಿಸುವವರು ತಿಳಿಯದೆ 1920ರ ದಶಕದ ಆ ಕಾರನ್ನೇ ಮತ್ತೆ ಕಟ್ಟುತ್ತಿದ್ದಾರೆ.

ಆದ್ದರಿಂದ ನಡುಕ ಹುಡುಕುವ ಕ್ರಮ ಸಡಿಲದಿಂದ ಶುರುವಾಗಬೇಕು. ಎಂಜಿನ್ ನಿಲ್ಲಿಸಿ, ಚಕ್ರ ನೆಲದ ಮೇಲೇ ಇರುವಾಗ ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಸಣ್ಣಗೆ ಅಲ್ಲಾಡಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಶ್ಯಾಕಲ್ ಬುಷ್, ಸ್ಟೀರಿಂಗ್ ಬಾಕ್ಸಿನ ಬೋಲ್ಟು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಲಿ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ಸಿಗುತ್ತದೆ. ಆಮೇಲೆ ಜ್ಯಾಕ್ ಹಾಕಿ ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಿಂಗ್ ಪಿನ್ ಬೇರಿಂಗಿನ ಸ್ಥಿತಿ ಗೊತ್ತಾಗುತ್ತದೆ. ಜಿಮ್ನಿಯಲ್ಲಿ ಆಕ್ಸಲನ್ನು ಅಡ್ಡಕ್ಕೆ ಹಿಡಿದ ಪ್ಯಾನ್‌ಹಾರ್ಡ್ ರಾಡಿನ ಬೋಲ್ಟುಗಳು ಮೊದಲ ಅಪರಾಧಿ. ನಮ್ಮ ಕಡೆ ಇದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ: ರಿಮ್ಮಿನ ಒಳಮೈ ತೊಳೆಯುವುದು. ಒಣಗಿದ ಎರೆ ಮಣ್ಣಿನ ಗಟ್ಟೆ ಒಂದೇ ಕಡೆ ಅಂಟಿಕೊಂಡರೆ ಯಾವ ಬ್ಯಾಲೆನ್ಸಿಂಗ್ ತೂಕವೂ ಅದರ ಮುಂದೆ ನಿಲ್ಲುವುದಿಲ್ಲ. ಇದೆಲ್ಲ ಆದ ಮೇಲೆ ಬ್ಯಾಲೆನ್ಸಿಂಗ್, ಆಮೇಲೆ ಕ್ಯಾಸ್ಟರ್. ಡ್ಯಾಂಪರ್ ಎಲ್ಲಕ್ಕಿಂತ ಕೊನೆಗೆ. ಮೊದಲೇ ಹಾಕಿದರೆ ಅದು ಸವೆದ ಟೈ ರಾಡ್ ಎಂಡನ್ನು ಕಳಚಿ ಬೀಳುವ ದಿನದವರೆಗೂ ಮುಚ್ಚಿಡುತ್ತದೆ.

ಡ್ರ್ಯಾಗ್ ಲಿಂಕ್ ಬೇರೆಯದೇ ತೊಂದರೆ ಕೊಡುತ್ತದೆ. ಸ್ಟೀರಿಂಗ್ ಬಾಕ್ಸ್ ಚಾಸಿಸ್ ಜೊತೆ ಮೇಲೆ ಹೋಗುತ್ತದೆ, ಚಕ್ರ ಕೆಳಗೇ ಉಳಿಯುತ್ತದೆ, ನಡುವಿನ ರಾಡು ಇಳಿಜಾರಾಗುತ್ತದೆ. ಇಳಿಜಾರು ಹೆಚ್ಚಾದಷ್ಟೂ ಆಕ್ಸಲ್ ಮೇಲೆ ಕೆಳಗೆ ಆಡಿದಾಗಲೆಲ್ಲ ಚಕ್ರ ತಾನೇ ತಿರುಗುತ್ತದೆ, ಉಬ್ಬಿನ ಮೇಲೆ ಗಾಡಿ ಹಾವಿನಂತೆ ಹೊರಳುತ್ತದೆ. ಕಾಯಿಲ್ ಸ್ಪ್ರಿಂಗ್ ಗಾಡಿಯಲ್ಲಿ ಡ್ರ್ಯಾಗ್ ಲಿಂಕ್ ಮತ್ತು ಪ್ಯಾನ್‌ಹಾರ್ಡ್ ರಾಡು ಒಂದಕ್ಕೊಂದು ಸಮಾನಾಂತರವಾಗಿದ್ದರೆ ಎರಡೂ ಒಟ್ಟಿಗೆ ತೂಗಿ ಇದು ತಪ್ಪುತ್ತದೆ. ಒಂದನ್ನು ಮಾತ್ರ ಇಳಿಸಿ ಇನ್ನೊಂದನ್ನು ಬಿಡುವುದು ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು. ಹೊರಕ್ಕೆ ಚಾಚಿದ ರಿಮ್ಮು, ಸ್ಪೇಸರು ಹಾಕಿದವರಿಗೆ ಇನ್ನೊಂದು ಕಾಟ: ಚಕ್ರ ಕಿಂಗ್ ಪಿನ್ ರೇಖೆಯಿಂದ ದೂರವಾದಷ್ಟೂ ಪ್ರತಿ ಕಲ್ಲೂ ಸ್ಟೀರಿಂಗನ್ನು ಕೈಯಿಂದ ಕಿತ್ತುಕೊಳ್ಳುತ್ತದೆ.

ಹಿಂದಿನ ಆಕ್ಸಲನ್ನು ಯಾರೂ ನೋಡುವುದಿಲ್ಲ. ಕಮಾನು ಪಟ್ಟಿಯ ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಒಂದು ಕಡೆ ಹಿಂದೆ ಜಾರುತ್ತದೆ, ಗಾಡಿ ಓರೆಯಾಗಿ ಓಡುತ್ತದೆ, ಚಾಲಕ ಸ್ಟೀರಿಂಗನ್ನು ವಾರೆ ಹಿಡಿದು ನೇರ ಹೋಗುತ್ತಾನೆ. ಎಡಗಡೆಯ ಮುಂದಿನ ಹಿಂದಿನ ಹಬ್ ಮಧ್ಯದ ಅಂತರ, ಬಲಗಡೆಯದು, ಎರಡನ್ನೂ ಟೇಪಿನಲ್ಲಿ ಅಳೆದರೆ ಸಾಕು. ಹಿಂಭಾಗ ಎತ್ತರಿಸಿ ಮುಂಭಾಗ ಬಿಡುವವರೂ ತಿಳಿಯಬೇಕಾದ್ದಿದೆ: ಜಿಪ್ಸಿಯ ಎರಡು ಆಕ್ಸಲುಗಳ ನಡುವಿನ ದೂರ 2375 ಮಿ.ಮೀ.; ಹಿಂದೆ 5 ಸೆಂ.ಮೀ. ಎತ್ತಿದರೆ ಮೂಗು ತಗ್ಗಿ 1.2 ಡಿಗ್ರಿ ಕ್ಯಾಸ್ಟರ್ ಹೋಗುತ್ತದೆ. ಹಿಂದೆ ಗೊಬ್ಬರದ ಚೀಲ ಹೇರಿದಾಗ ನೆಟ್ಟಗೆ ಓಡುವ ಗಾಡಿ ಖಾಲಿ ಬರುವಾಗ ತೇಲುವುದು ಇದರಿಂದಲೇ. ಅಳೆಯುವಾಗ ಗಾಡಿ ದಿನವೂ ಹೊರುವ ಭಾರದಲ್ಲೇ ಅಳೆಯಬೇಕು.

ಇವನ್ನೆಲ್ಲ ಅಳೆಯಲು ಲಕ್ಷಾಂತರದ ಯಂತ್ರ ಬೇಕಿಲ್ಲ. ಬೇಕಾದದ್ದು ಸಮತಟ್ಟು ನೆಲ, ಅದು ಫರಸಿ ಹಾಸಿದ ಅಂಗಳದ ರೂಪದಲ್ಲಿ ತಾಂಡೂರಿನ ಸುತ್ತ ಎಲ್ಲೆಲ್ಲೂ ಇದೆ. ನಾಲ್ಕೂ ಚಕ್ರ ನಿಲ್ಲುವ ಜಾಗಗಳು ಒಂದೇ ಮಟ್ಟದಲ್ಲಿವೆಯೇ ಎಂದು ಗೌಂಡಿಗಳ ನೀರಿನ ಪೈಪಿನಿಂದ ನೋಡಿಕೊಳ್ಳಬಹುದು. ಮುಂದಿನ ಚಕ್ರ ಎತ್ತಿ ತಿರುಗಿಸುತ್ತಾ ಟೈರಿನ ಮಧ್ಯೆ ಸುಣ್ಣ ಬಳಿದು ಮೊಳೆಯಿಂದ ಗೆರೆ ಕೊರೆದರೆ, ಕೆಳಗಿಳಿಸಿ, ಗಾಡಿಯನ್ನು ಸ್ವಲ್ಪ ಮುಂದೆ ತಳ್ಳಿ, ಹಬ್ಬಿನ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಮುಂದೆ ಒಮ್ಮೆ ಹಿಂದೆ ಒಮ್ಮೆ ಟೇಪು ಹಿಡಿದರೆ ಟೋ ಸಿಕ್ಕಿತು. ಕ್ಯಾಸ್ಟರಿಗೆ ಚಕ್ರದ ಕೆಳಗೆ ಗ್ರೀಸ್ ಸವರಿದ ಎರಡೆರಡು ತಗಡು ಇಟ್ಟು, ಚಕ್ರವನ್ನು 20 ಡಿಗ್ರಿ ಒಳಕ್ಕೆ, 20 ಡಿಗ್ರಿ ಹೊರಕ್ಕೆ ತಿರುಗಿಸಿ ಎರಡೂ ಸಲ ಕ್ಯಾಂಬರ್ ಓದಿ, ವ್ಯತ್ಯಾಸವನ್ನು ಸುಮಾರು ಒಂದೂವರೆಯಿಂದ ಗುಣಿಸಬೇಕು. ಕಂಪ್ಯೂಟರ್ ಯಂತ್ರವೂ ಮಾಡುವುದು ಇದೇ ಲೆಕ್ಕವನ್ನು. ಕೇಳದಿದ್ದರೆ ಎಷ್ಟೋ ಅಂಗಡಿಗಳಲ್ಲಿ ಇದನ್ನು ಬಿಟ್ಟು ಟೋ ಮಾತ್ರ ಮಾಡುತ್ತಾರೆ. ಕ್ಯಾಸ್ಟರ್ ಮತ್ತು ಹಿಂದಿನ ಆಕ್ಸಲಿನ ಓರೆ ಎರಡೂ ಇರುವ ಪ್ರಿಂಟ್ ಕೇಳಿ ಪಡೆಯಿರಿ. ಆ ಹಸಿರು ಬಣ್ಣ ಎತ್ತದ ಗಾಡಿಯ ಅಳತೆಗೆ ಸಂಬಂಧಿಸಿದ್ದು ಎಂಬುದೂ ನೆನಪಿರಲಿ.

ಕಾನೂನಿನ ಮಾತು ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಬದಲಾಯಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಅಥವಾ ಎರಡನ್ನೂ ಇಟ್ಟಿದೆ. ಎತ್ತರಿಸಿದ ಜೀಪನ್ನು ಸಾರ್ವಜನಿಕ ರಸ್ತೆಗೆ ತರುವವರು ಇದನ್ನು ತಿಳಿದೇ ತರಬೇಕು. ಕಾನೂನು ಬಿಗಿಯಾಗಿರುವುದರಿಂದ ಆಗಿರುವ ಒಂದು ನಷ್ಟವನ್ನೂ ಹೇಳಲೇಬೇಕು. ಎತ್ತುವ ಕೆಲಸ ಮರೆಯಲ್ಲಿ ನಡೆಯುತ್ತದೆ, ರಸೀದಿ ಇರುವುದಿಲ್ಲ, ಅಳತೆ ಬರೆದಿಡುವವರಿಲ್ಲ, ಪೀಠ ತಪ್ಪಾಗಿ ಕೂತರೆ ಕೇಳುವ ಜಾಗವೂ ಇಲ್ಲ. ಎದುರಿನಿಂದ ಬೈಕಿನಲ್ಲಿ ಬರುವವರಿಗೆ ಇದರಿಂದ ರಕ್ಷಣೆ ಹೆಚ್ಚಿಲ್ಲ.

ಹೊಲಕ್ಕಾಗಿ, ಗಣಿ ದಾರಿಗಾಗಿ ಎತ್ತರ ಬೇಕೇ ಬೇಕು ಎನ್ನುವವರು ಮೊದಲು ಎಷ್ಟು ಬೇಕು ಎಂದು ಕೇಳಿಕೊಳ್ಳಲಿ. ಆಕ್ಸಲಿನ ಮಧ್ಯದ ಉಂಡೆ ನೆಲದಿಂದ ಮೇಲೇಳುವುದು ಟೈರು ದೊಡ್ಡದಾದಾಗ ಮಾತ್ರ, ಪಟ್ಟಿ ಎತ್ತಿದಾಗಲ್ಲ. ಎತ್ತುವುದು ಆ ಟೈರಿಗೆ ಜಾಗ ಮಾಡಲು. ಒಂದು ಅಳತೆ ದೊಡ್ಡ ಟೈರಿಗೆ ಐದು ಸೆಂಟಿಮೀಟರ್ ಸಾಕಾಗುವಲ್ಲಿ ಹದಿನೈದು ಏಕೆ? ಕೆಲಸ ಒಪ್ಪಿಸುವಾಗ ಎತ್ತುವ ಮೊದಲಿನ ಕ್ಯಾಸ್ಟರ್, ಎತ್ತಿದ ಮೇಲಿನ ಕ್ಯಾಸ್ಟರ್ ಎರಡನ್ನೂ ಕಾಗದದ ಮೇಲೆ ಬರೆದುಕೊಡಲು ಹೇಳಿ. ಬರೆಯಲು ಒಪ್ಪದ ಕಾರ್ಯಾಗಾರಕ್ಕೆ ಗಾಡಿ ಬಿಡಬೇಡಿ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಹೊಸ ಪಟ್ಟಿ ಕೂತು ಯು-ಬೋಲ್ಟುಗಳು ಸಡಿಲವಾಗುತ್ತವೆ. ಅವನ್ನು ಮತ್ತೆ ಬಿಗಿದು, ಟೋ ಮತ್ತು ಕ್ಯಾಸ್ಟರ್ ಎರಡನ್ನೂ ಮತ್ತೆ ಅಳೆಸಿ, ಅದೇ ಕಾಗದದ ಕೆಳಗೆ ಮೂರನೆಯ ಸಾಲಾಗಿ ಬರೆಸಿಕೊಳ್ಳಿ.